ಉಪ್ಪಿನ ಶಾವಿಗೆ

ಆಳಂದದಲ್ಲಿ ಮೋಟಾರಿನಿಂದ ಇಳಿದ ಕೂಡಲೇ ರೇವಣಪ್ಪ ತನ್ನ ಅಕ್ಕನಿಗೆ ಮೂರನೆಯ ಸಲ ಅದೇ ಮಾತು ಹೇಳಿದ. ಚಹಾ ಕೊಟ್ಟರೆ ಕುಡಿ, ಅವಲಕ್ಕಿ ಕೊಟ್ಟರೆ ಬಾಯಾಡಿಸು, ಎಲೆ ಅಡಿಕೆ ಕೊಟ್ಟರೆ ಸೆರಗಿನಲ್ಲಿ ಕಟ್ಟಿಕೋ. ಶಾವಿಗೆ ಮಾತ್ರ ಮುಟ್ಟಬೇಡ. ಮೊದಲ ಸಲ ಹೇಳಿದ್ದು ಅತನೂರಿನ ಮನೆಯಲ್ಲಿ. ಎರಡನೆಯ ಸಲ ಮೋಟಾರಿನಲ್ಲಿ, ಕೋಳಿ ಬುಟ್ಟಿ ಇಟ್ಟುಕೊಂಡು ಪಕ್ಕದಲ್ಲಿ ಕೂತಿದ್ದ ಮುದುಕಿಗೂ ಕೇಳುವ ಹಾಗೆ. ಗಂಗುಬಾಯಿ ಮೂರು ಸಲವೂ ತಲೆಯಾಡಿಸಿದಳು. ತಲೆಯಾಡಿಸುವುದು ಅವಳಿಗೆ ಹೊಸದಾಗಿರಲಿಲ್ಲ. ಗಂಡ ತೀರಿ ಹನ್ನೆರಡು ವರ್ಷವಾಗಿತ್ತು. ಹೊಲ ಬಿತ್ತಿಸುವುದರಿಂದ ಹಿಡಿದು ಮಾಳಿಗೆಗೆ ಮಣ್ಣು ಹಾಕಿಸುವವರೆಗೆ ಎಲ್ಲವನ್ನೂ ತಮ್ಮನೇ ನೋಡಿಕೊಂಡಿದ್ದ. ಅವನು ಹೇಳುವುದು, ಇವಳು ತಲೆಯಾಡಿಸುವುದು, ಹೀಗೆ ಎತ್ತು ಗಾಡಿಯ ಹಾಗೆ ಇಬ್ಬರಿಗೂ ರೂಢಿಯಾಗಿಬಿಟ್ಟಿತ್ತು.

ಶಾವಿಗೆಯ ವಿಷಯ ಆ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳಬೇಕು. ಗಂಡಿನ ಮನೆ ನೋಡಲು ಹೋದ ಹೆಣ್ಣಿನ ಕಡೆಯವರು ಅಲ್ಲಿ ಏನು ತಿಂದರೂ ಅದು ಬರೀ ತಿಂಡಿ. ಶಾವಿಗೆ ಉಂಡರೆ ಮಾತ್ರ ಮಾತು ಮುಗಿದ ಹಾಗೆ. ಹಾಲು ಬೆಲ್ಲ ಹಾಕಿದ ಶಾವಿಗೆಯ ಬಟ್ಟಲು ಬಂತೆಂದರೆ ‘ನಮಗೆ ಒಪ್ಪಿಗೆ’ ಎಂದು ಗಂಡಿನವರು ಹೇಳಿದಂತೆ. ಅದನ್ನು ಬಾಯಿಗಿಟ್ಟರೆ ‘ನಮಗೂ ಒಪ್ಪಿಗೆ’ ಎಂದು ಹೆಣ್ಣಿನವರು ಹೇಳಿದಂತೆ. ಅದರಲ್ಲೂ ಹುಡುಗಿಯ ಸೋದರಮಾವ ಉಂಡನೆಂದರೆ ಮುಗಿಯಿತು, ಊರ ಗೌಡ ಬಂದರೂ ಆ ಮಾತು ಮುರಿಯುವುದಿಲ್ಲ. ಇಲ್ಲಿ ಸೋದರಮಾವ ಎಂದರೆ ರೇವಣಪ್ಪನೇ.

ಹುಡುಗಿ ಗಂಗುಬಾಯಿಯ ಒಬ್ಬಳೇ ಮಗಳು ಹಣಮವ್ವ. ಹದಿನಾರು ತುಂಬಿತ್ತು. ಆಳಂದದಿಂದ ಚಂದ್ರಾಮಪ್ಪನೆಂಬವನು ತನ್ನ ತಮ್ಮ ಬೀರಲಿಂಗಪ್ಪನಿಗೆ ಅವಳನ್ನು ಕೇಳಿ ಎರಡು ಸಲ ಹೇಳಿ ಕಳಿಸಿದ್ದ. ಹುಡುಗ ತೊಗರಿ ಮಾರಿಸುವ ಅಡತಿ ಅಂಗಡಿಯಲ್ಲಿ ಕೆಲಸಕ್ಕಿದ್ದ, ದುಡಿಯುವವ, ಬಳಗದವನೇ. ತೊಡಕು ಇದ್ದದ್ದು ಅವನಲ್ಲಲ್ಲ, ಅವನ ಅತ್ತಿಗೆಯಲ್ಲಿ. ಚಂದ್ರಾಮಪ್ಪ ಹರೆಯದಲ್ಲಿ ಸೊಲ್ಲಾಪುರದ ಗಿರಣಿಗೆಂದು ಹೋದವನು ಅಲ್ಲಿಂದ ಮುಂಬಯಿಗೆ ಹೋಗಿ, ಹಡಗಿನ ಅಡಿಗೆಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚುವ ಕೆಲಸ ಹಿಡಿದು, ಸೈಗಾನ್ ಎಂಬ ಊರಿನಲ್ಲಿ ಇಳಿದು ನಾಲ್ಕು ವರ್ಷ ಅಲ್ಲೇ ಉಳಿದಿದ್ದ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದು ವರ್ಷ ಮೊದಲು ತಿರುಗಿ ಬಂದಾಗ ಜೊತೆಗೆ ಒಂದು ತಗಡಿನ ಟ್ರಂಕೂ ಲಾನ್ ಎಂಬ ಹೆಂಡತಿಯೂ ಇದ್ದರು. ಆಳಂದದವರು ಅವಳನ್ನು ಲಾನವ್ವ ಎಂದು ಕರೆದು ತಮ್ಮವಳನ್ನಾಗಿ ಮಾಡಿಕೊಂಡರು. ಗಂಡ ಹೆಂಡತಿ ಸೇರಿ ಮೋಟಾರು ನಿಲ್ಲುವಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಒಂದು ಹೋಟೆಲು ತೆಗೆದರು. ಅದಕ್ಕೆ ಸೈಗಾನಿ ಹೋಟೆಲು ಎಂದು ಹೆಸರು ಬಿತ್ತು.

ಅತನೂರಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಆ ಹೋಟೆಲಿನಲ್ಲಿ ಕಪ್ಪೆ ಬೇಯುತ್ತಿತ್ತು. ಅಫಜಲಪುರದ ಸಂತೆಯಲ್ಲಿ ಅದಕ್ಕೆ ಹಾವೂ ಕೂಡಿಕೊಂಡಿತು. ಅತ್ತೆ ಮಾವ ಇಲ್ಲದ ಮನೆ. ಹಣಮವ್ವ ಅಲ್ಲಿಗೆ ಹೋದರೆ ಆ ಲಾನವ್ವನೇ ಅತ್ತೆ, ಅವಳೇ ನೆಗೆಣ್ಣಿ. ನಮ್ಮ ಮಾತು ಬಾರದವಳ ಕೈಯಲ್ಲಿ ಕೂಸನ್ನು ಹೇಗೆ ಕೊಡುತ್ತೀ, ಎಂದು ರೇವಣಪ್ಪ ಕೇಳುತ್ತಿದ್ದ. ಕೇಳುವುದಕ್ಕೆ ಅವನಿಗೆ ಬೇರೆ ಕಾರಣವೂ ಇತ್ತು. ಅವನಿಗೊಬ್ಬ ಮಗನಿದ್ದ. ಅಕ್ಕನ ಮಗಳು ಸೊಸೆಯಾಗಿ ಬರಬೇಕಾದದ್ದು ಹಕ್ಕು ಎಂದು ಅವನ ಲೆಕ್ಕ. ಆ ಮಗನೋ ಒಂದು ಟಗರು ಸಾಕಿಕೊಂಡು, ಅದಕ್ಕೆ ದಿನಾ ಹಾಲು ಕುಡಿಸಿ, ಜೇವರ್ಗಿಯಲ್ಲಿ ಕಾಳಗ, ಇನ್ನೆಲ್ಲೋ ಕಾಳಗ ಎಂದು ವಾರಗಟ್ಟಲೆ ಮನೆ ಬಿಟ್ಟು ತಿರುಗುತ್ತಿದ್ದ. ಹೊಲದಲ್ಲಿ ಅವನ ಹೆಜ್ಜೆ ಮೂಡಿದ್ದನ್ನು ಯಾರೂ ಕಂಡಿರಲಿಲ್ಲ. ಗಂಗುಬಾಯಿಗೆ ಆ ಹುಡುಗನ ನೆನಪಾದರೆ ಎದೆ ಭಾರವಾಗುತ್ತಿತ್ತು. ಬೇಡ ಎಂದು ತಮ್ಮನಿಗೆ ಹೇಳುವುದು ಹೇಗೆ? ಹನ್ನೆರಡು ವರ್ಷ ತನ್ನ ಮನೆಯನ್ನು ಎತ್ತಿ ಹಿಡಿದವನಿಗೆ? ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಿತ್ತು ಅವಳಿಗೆ. ಆಳಂದದವರಿಗೆ ‘ಇಲ್ಲ’ ಎಂದು ಮುಖ ನೋಡಿ ಹೇಳಿ ಬರೋಣ ಎಂದು ತಮ್ಮ ಹೊರಟಾಗ, ಒಂದು ಸಲ ಕಣ್ಣಿನಿಂದಾದರೂ ನೋಡಿ ಬರುತ್ತೇನೆ ಎಂದು ತಾನೂ ಹೊರಟಿದ್ದಳು. ಸೋಮವಾರ ಬಸವಣ್ಣನ ದಿನ, ಎತ್ತು ಹೂಡುವಂತಿಲ್ಲವಾದ್ದರಿಂದ ಗಾಡಿ ಬಿಟ್ಟು ಮೋಟಾರು ಹತ್ತಿದ್ದರು. ನಸುಕಿನಲ್ಲಿ ಹೊರಟವರ ಹೊಟ್ಟೆಯಲ್ಲಿ ಆಳಂದ ಬರುವ ಹೊತ್ತಿಗೆ ಏನೂ ಉಳಿದಿರಲಿಲ್ಲ.

ಚಂದ್ರಾಮಪ್ಪ ಬಾಗಿಲಲ್ಲೇ ನಿಂತಿದ್ದ.

“ಬರ್ರಿ ಮಾವಾರ, ಬರ್ರಿ ಅವ್ವಾರ. ಬೆಳಗಿನಿಂದ ಹಾದಿ ಕಾಯಾಕತ್ತೇನಿ.”

“ಮಾವ ಅನ್ನೋವಂಥಾದ್ದು ಇನ್ನಾ ಏನೂ ಆಗಿಲ್ಲಪಾ,” ಎಂದ ರೇವಣಪ್ಪ. “ರೇವಣಪ್ಪ ಅಂದ್ರ ಸಾಕು.”

“ಆಗ್ಲಿ ರೇವಣಪ್ಪ ಮಾವಾರ, ಒಳಗ ಬರ್ರಿ.”

ಒಳಗೆ ನಾಲ್ಕು ಗಿಡ್ಡ ಮೇಜು, ಗೋಡೆಗೆ ಹೊಸ ಸುಣ್ಣ. ಒಂದು ಮೇಜಿನಲ್ಲಿ ಮೋಟಾರಿನ ಡ್ರೈವರ್ ಮುರ್ತುಜಾ ಆಗಲೇ ಕೂತಿದ್ದ. ಇವರನ್ನು ಕರೆತಂದ ಮೋಟಾರು ಅವನದೇ, ಮಧ್ಯಾಹ್ನ ತಿರುಗಿ ಒಯ್ಯುವವನೂ ಅವನೇ. ಗಂಗುಬಾಯಿ ಸೆರಗು ಸರಿ ಮಾಡಿಕೊಂಡು ಮೊದಲು ಮೂಸಿ ನೋಡಿದಳು. ಕಪ್ಪೆಯ ವಾಸನೆ ಹೇಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ವಾಸನೆಗಳೇ ಬಂದವು: ಕೆಂಡದ ಮೇಲೆ ಸುಟ್ಟ ಉಳ್ಳಾಗಡ್ಡಿ, ಸುಟ್ಟ ಶುಂಠಿ, ದಾಲ್ಚಿನ್ನಿ, ಪುದೀನಾ. ಎಲ್ಲವೂ ಪರಿಚಯದವೇ, ಆದರೆ ಹೀಗೆ ಒಟ್ಟಿಗೆ ಕೂತಿದ್ದನ್ನು ಅವಳು ಕಂಡಿರಲಿಲ್ಲ. ಬೇರೆ ಬೇರೆ ಊರಿನ ಬಳಗದವರು ಒಂದೇ ಗಾಡಿಯಲ್ಲಿ ಬಂದಿಳಿದ ಹಾಗೆ.

ಒಳಕೋಣೆಯಲ್ಲಿ ಬೀರಲಿಂಗಪ್ಪ ಒಂದು ಕಟ್ಟಿಗೆಯ ಒತ್ತಿನ ಮೇಲೆ ಭಾರ ಬಿಟ್ಟು ಹಿಟ್ಟು ಒತ್ತುತ್ತಿದ್ದ. ಕೆಳಗೆ ಕುದಿಯುವ ನೀರಿಗೆ ಬಿಳಿ ಎಳೆಗಳು ಇಳಿಯುತ್ತಿದ್ದವು. ಆ ಒತ್ತು ಅವನೇ ಕೊರೆದು ಮಾಡಿದ್ದು ಎಂದು ಚಂದ್ರಾಮಪ್ಪ ಹೇಳಿದ. ಲಾನವ್ವ ಒಲೆಯ ಮುಂದೆ ನಿಂತು ಮೈದುನನಿಗೆ ಏನೋ ಹೇಳಹೊರಟು ಮಾತು ಸಿಗದೆ ನಿಂತಳು. ಗಾಳಿಯಲ್ಲಿ ಕೈ ತಿರುವಿದಳು. ಜರಡಿ ಎಂದು ಗಂಗುಬಾಯಿಗೆ ದೂರದಿಂದಲೇ ತಿಳಿಯಿತು. ಬೀರಲಿಂಗಪ್ಪನಿಗೂ ತಿಳಿದಿರಬೇಕು. ಆದರೆ ಅವನು ನಗಲಿಲ್ಲ, ಮಾತನ್ನು ಕಿತ್ತುಕೊಂಡು ತಾನೇ ಹೇಳಲೂ ಇಲ್ಲ. ಕೈ ನಿಲ್ಲಿಸಿ ಸುಮ್ಮನೆ ಕಾದ. ಜರಡಿ ಎಂಬ ಮಾತು ಅವಳಿಗೆ ತಾನಾಗಿ ಸಿಕ್ಕಿತು. “ಹೌದ್ರಿ ವೈನಿ,” ಎಂದು ಎದ್ದು ತಂದುಕೊಟ್ಟ. ಗಂಗುಬಾಯಿ ಅದನ್ನು ನೋಡಿ ಮನಸ್ಸಿನಲ್ಲಿ ಒಂದು ಕಡೆ ಇಟ್ಟುಕೊಂಡಳು.

ಅಷ್ಟರಲ್ಲಿ ಎರಡು ದೊಡ್ಡ ಬೋಗುಣಿಗಳು ಬಂದವು. ಬಿಸಿ ಸಾರಿನಲ್ಲಿ ಬಿಳಿ ಎಳೆಗಳು ಸುತ್ತಿಕೊಂಡು ಕೂತಿದ್ದವು, ಮೇಲೆ ಮೊಳಕೆಯ ಹೆಸರುಕಾಳು, ಕೊತ್ತಂಬರಿ.

ರೇವಣಪ್ಪ ಎರಡೂ ಕೈಗಳನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡ.

“ಶ್ಯಾವಿಗಿ,” ಎಂದ.

“ಹೌದ್ರಿ, ಅಕ್ಕಿ ಶ್ಯಾವಿಗಿ,” ಎಂದ ಚಂದ್ರಾಮಪ್ಪ ಸಂತೋಷದಿಂದ. “ಅಕ್ಕಿ ಕಡಿಮಿ ಬಿದ್ರ ಜ್ವಾಳದ ಹಿಟ್ಟೂ ಕೂಡಸ್ತೇವ್ರಿ.”

“ಇನ್ನಾ ಮಾತೇ ಆಡಿಲ್ಲ, ಶ್ಯಾವಿಗಿ ತಂದು ಮುಂದ ಇಡ್ತಿ. ಬಾಯಿ ಕಟ್ಟಾಕ ನೋಡ್ತಿಯೇನು?”

ಚಂದ್ರಾಮಪ್ಪನ ಮುಖ ಕೆಂಪಾಯಿತು. ಅವನಿಗೆ ನಿಜವಾಗಿಯೂ ಹೊಳೆದಿರಲಿಲ್ಲ. ಊರಿನ ಹುಡುಗರು ಕನ್ಯೆ ನೋಡುತ್ತ ತಿರುಗುವ ವಯಸ್ಸಿನಲ್ಲಿ ಅವನು ಹಡಗಿನಲ್ಲಿದ್ದ. ತಾನು ಯಾರ ಮನೆಗೂ ಹೆಣ್ಣು ನೋಡಲು ಹೋದವನಲ್ಲ, ಲಾನಳ ಅಪ್ಪನ ಅಂಗಡಿಯಲ್ಲಿ ದಿನಾ ಇದೇ ಬೋಗುಣಿ ಉಂಡು ಉಂಡು ಕೊನೆಗೆ ಅಳಿಯನಾದೆ ಎಂದು ಅವನು ವಿವರಿಸಿದ. ಈ ವಿವರಣೆಯಿಂದ ರೇವಣಪ್ಪನ ಹೆದರಿಕೆ ಇನ್ನೂ ಹೆಚ್ಚಾಯಿತು. ನೋಡಿದೆಯಾ, ಆ ದೇಶದಲ್ಲೂ ಇದನ್ನು ಉಂಡರೆ ಲಗ್ನವೇ ಆಗುತ್ತದೆ ಎಂಬಂತೆ ಅಕ್ಕನ ಕಡೆಗೆ ಕಣ್ಣು ಬಿಟ್ಟ.

ಇದು ಸಿಹಿಯಲ್ಲ ಎಂದು ಚಂದ್ರಾಮಪ್ಪ ಆಣೆ ಇಟ್ಟ. ಹಾಲಿಲ್ಲ, ಬೆಲ್ಲವಿಲ್ಲ, ಉಪ್ಪು, ಖಾರ, ಲಿಂಬೆಹಣ್ಣು. ಸೋಮವಾರವೆಂದು ಮಾಂಸವೂ ಇಲ್ಲ. ಬೇಕಾದರೆ ಮೂಸಿ ನೋಡಿ ಎಂದ. ರೇವಣಪ್ಪ ಮೂಸಿದ. ಮೂಸಿದ್ದೇ ತಪ್ಪಾಯಿತು. ಹೊಟ್ಟೆ ಎಷ್ಟು ಜೋರಾಗಿ ಕೂಗಿತೆಂದರೆ ಮುರ್ತುಜಾ ಆ ಕಡೆಯ ಮೇಜಿನಿಂದ ತಿರುಗಿ ನೋಡಿದ. ಹೊರಗಿನವನ ಮಾತು ಕೇಳೋಣವೆಂದು ರೇವಣಪ್ಪ ಅವನನ್ನೇ ಪಂಚನನ್ನಾಗಿ ಮಾಡಿದ.

ಮುರ್ತುಜಾ ಬೋಗುಣಿ ಕೆಳಗಿಟ್ಟು, ಮೀಸೆ ಒರೆಸಿಕೊಂಡು, ಗಂಭೀರವಾಗಿ ಯೋಚಿಸಿದ.

“ನೋಡ್ರಿ ಮಾಮು, ನಮ್ಮಾಗೂ ಈದಿಗೆ ಶ್ಯಾವಿಗಿ ಮಾಡ್ತಾರ. ಅದು ಸಿಹಿ ಇರ್ತದ. ಇದು ಸಾರು. ಶ್ಯಾವಿಗಿ ಅದರಾಗ ಬಿದ್ದದ, ಅಷ್ಟೇ. ನಾ ವರ್ಷಾತು ಇದನ್ನ ತಿನ್ನಾಕತ್ತು. ಇನ್ನೂತನಾ ಯಾರೂ ನನಗ ಹೆಣ್ಣು ಕೊಟ್ಟಿಲ್ಲ.”

ಈ ನ್ಯಾಯ ರೇವಣಪ್ಪನ ಮನಸ್ಸಿಗೂ ಹೊಟ್ಟೆಗೂ ಒಟ್ಟಿಗೆ ಒಪ್ಪಿತು. ಇದು ಸಾರು ಎಂದು ಎಲ್ಲರ ಎದುರಿಗೆ ಸಾರಿ ಹೇಳಿ, ಬೋಗುಣಿಗೆ ಕೈ ಹಾಕಿದ. ಅಷ್ಟರಲ್ಲಿ ಲಾನವ್ವ ಬಂದು ಮೇಜಿನ ಮುಂದೆ ನಿಂತಳು. ಅವರ ಕಡೆಯ ಪದ್ಧತಿಯೊಂದಿದೆ: ಊಟಕ್ಕೆ ಕೂತವರನ್ನು ಕಿರಿಯರು ಒಬ್ಬೊಬ್ಬರನ್ನಾಗಿ ಕರೆದು ‘ಉಣ್ಣಿ’ ಎನ್ನಬೇಕು, ಎಲ್ಲರಿಗಿಂತ ಹಿರಿಯರಿಂದ ಶುರು ಮಾಡಬೇಕು, ಕರೆದು ಮುಗಿಯುವವರೆಗೆ ಯಾರೂ ತುತ್ತು ಎತ್ತುವಂತಿಲ್ಲ. ಇದನ್ನು ಚಂದ್ರಾಮಪ್ಪ ಹೇಳುವ ಹೊತ್ತಿಗೆ ರೇವಣಪ್ಪನ ಬೆರಳು ಸಾರಿನಲ್ಲಿ ಸುಡುತ್ತಿತ್ತು. ತೆಗೆಯುವಂತಿಲ್ಲ, ಎತ್ತುವಂತಿಲ್ಲ.

ಲಾನವ್ವ ಇಬ್ಬರ ಮುಖವನ್ನೂ ನೋಡಿ, ಗಂಗುಬಾಯಿಯ ಕಡೆಗೆ ತಿರುಗಿ ಎರಡೂ ಕೈ ಜೋಡಿಸಿದಳು.

“ದೊಡ್ಡವ್ವ, ಉಣ್ರಿ.”

ಆಮೇಲೆ ಮಾವ, ಉಣ್ರಿ ಎಂದಳು. ಮುರ್ತುಜಾ ಭಾಯಿ, ಉಣ್ರಿ ಎಂದಳು. ಅವನದು ಅರ್ಧ ಮುಗಿದಿದ್ದರೂ ಅವನು ಮರ್ಯಾದೆಗೆ ಕೈ ತಡೆದು ಕೂತಿದ್ದ.

ಗಂಗುಬಾಯಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಅವಳ ಮನೆಯಲ್ಲಿ ಗಂಡಸರು ಉಂಡು, ಮಗಳು ಉಂಡು, ಆಳುಗಳಿಗೆ ಬುತ್ತಿ ಕಟ್ಟಿ, ಉಳಿದದ್ದು ಅವಳದು. ಗಂಡ ಇದ್ದಾಗಲೂ ಹಾಗೇ, ಇಲ್ಲದಾಗಲೂ ಹಾಗೇ. ಅದರಲ್ಲಿ ದುಃಖವೇನೂ ಇರಲಿಲ್ಲ, ಹಾಗೆ ಇರುತ್ತದೆ ಎಂದುಕೊಂಡಿದ್ದಳು. ಎಲ್ಲರಿಗಿಂತ ಮೊದಲು ತನ್ನನ್ನು ಕರೆದು ಉಣ್ಣು ಎಂದದ್ದು ಇದೇ ಮೊದಲು. ಕಣ್ಣು ಒದ್ದೆಯಾಗುವುದನ್ನು ಸಾರಿನ ಹಬೆಯ ಮೇಲೆ ಹಾಕಿ ತಪ್ಪಿಸಿಕೊಂಡಳು. ಆದರೂ ಉಣ್ಣಲಿಲ್ಲ. ತಮ್ಮನಿಗೆ ಮೂರು ಸಲ ತಲೆಯಾಡಿಸಿದ್ದಳಲ್ಲ. ಅವನು ಸಾರು ಎಂದರೂ ಅವಳ ಕಣ್ಣಿಗೆ ಅದು ಶಾವಿಗೆಯೇ ಆಗಿತ್ತು.

ರೇವಣಪ್ಪನ ಊಟ ಸುಲಭದಲ್ಲಿ ಸಾಗಲಿಲ್ಲ. ಕೈಯಲ್ಲಿ ಎತ್ತಿದರೆ ಎಳೆ ಜಾರಿ ತಿರುಗಿ ಬೋಗುಣಿಗೆ ಬೀಳುತ್ತಿತ್ತು. ಮುರ್ತುಜಾ ಎರಡು ಬಿದಿರು ಕಡ್ಡಿ ಕೊಟ್ಟ. ಅವು ಹಲ್ಲುಜ್ಜಲು ಇರಬೇಕೆಂದು ತಿಳಿದ ರೇವಣಪ್ಪ, ಊಟ ಆದ ಮೇಲೆ ನೋಡೋಣ ಎಂದು ಅವನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡ. ಕೊನೆಗೆ ಬೋಗುಣಿಗೇ ಬಾಯಿ ಹಚ್ಚಿ ಸೊರ್ರೆಂದು ಎಳೆದ. ಅವರ ಕಡೆ ಹಾಗೆ ಎಳೆದರೇ ಮರ್ಯಾದೆ ಎಂದು ಚಂದ್ರಾಮಪ್ಪ ಮೆಚ್ಚಿಕೊಂಡ ಮೇಲೆ ಅವನ ಸಂಕೋಚವೂ ಹೋಯಿತು. ಮೀಸೆಯಿಂದ ಸಾರು ಇಳಿಯುತ್ತಿತ್ತು, ಲಿಂಬೆಯ ಹುಳಿಗೆ ಒಂದು ಕಣ್ಣು ತಾನಾಗಿ ಮುಚ್ಚುತ್ತಿತ್ತು. ಬೋಗುಣಿ ಖಾಲಿಯಾದದ್ದನ್ನು ಕಂಡು ಬೀರಲಿಂಗಪ್ಪ ತಂದು ಮತ್ತೆ ತುಂಬಿದ. ಅನ್ನವನ್ನು ಬಿಟ್ಟು ಏಳುವುದು ರೇವಣಪ್ಪನ ಮನೆತನದಲ್ಲಿಲ್ಲ. ಅದನ್ನೂ ಮುಗಿಸಿದ.

ಈ ಗದ್ದಲದಲ್ಲಿ ಲಾನವ್ವ ಒಂದು ಮಣೆ ಎಳೆದುಕೊಂಡು ಗಂಗುಬಾಯಿಯ ಪಕ್ಕ ಕೂತಳು. ಗಂಗುಬಾಯಿ ಧೈರ್ಯ ಮಾಡಿ, ದನಿ ತಗ್ಗಿಸಿ ಕಪ್ಪೆಯ ಮಾತು ಕೇಳಿಯೇಬಿಟ್ಟಳು. ಲಾನವ್ವ ಮುಚ್ಚಿಡಲಿಲ್ಲ.

“ನಮ್ಮೂರಾಗ ತಿಂತಾರ್ರಿ. ಇಲ್ಲಿ ಕಪ್ಪಿ ಎಲ್ಲಿಂದ ತರ್ಲಿ? ಕುಡಿಯಾಕೇ ನೀರಿಲ್ಲ.”

ಗಂಗುಬಾಯಿಗೆ ನಗು ತಡೆಯಲಾಗಲಿಲ್ಲ. ಮದುವೆಯ ಮಾತಿಗೆ ಬಂದು ಹೀಗೆ ನಗಬಾರದೆಂದು ಸೆರಗು ಬಾಯಿಗೆ ಒತ್ತಿಕೊಂಡಳು. ಆಗ ಲಾನವ್ವ ಕೇಳಿದಳು:

“ಹುಡುಗಿಗೆ ತಿನ್ನಾಕ ಏನು ಸೇರ್ತದ್ರಿ?”

ಗಂಗುಬಾಯಿಯ ಬಾಯಿ ರೂಢಿಯಂತೆ ಓಡಿತು. ಹಣಮವ್ವ ತೆಳ್ಳಗೆ ರೊಟ್ಟಿ ಬಡಿಯುತ್ತಾಳೆ, ಪುಂಡಿಪಲ್ಲೆ ಮಾಡುತ್ತಾಳೆ, ಶೇಂಗಾ ಹಿಂಡಿ ಕುಟ್ಟುತ್ತಾಳೆ, ಐವತ್ತು ಮಂದಿಗೆ ಹುಗ್ಗಿ ಮಾಡಲು ಕೊಟ್ಟರೂ ತಳ ಹಿಡಿಸುವುದಿಲ್ಲ. ಹೆಣ್ಣು ಕೇಳಲು ಬಂದವರೆಲ್ಲ ಇದನ್ನೇ ಕೇಳಿದ್ದರಿಂದ ಈ ಉತ್ತರ ಅವಳಿಗೆ ಬಾಯಿಪಾಠವಾಗಿತ್ತು. ಲಾನವ್ವ ತಲೆ ಅಲ್ಲಾಡಿಸಿದಳು. ಮಾತು ಹುಡುಕಿ, ನಿಧಾನವಾಗಿ ಜೋಡಿಸಿದಳು.

“ಮಾಡೋದು ಅಲ್ರಿ. ಆಕಿ ತಿನ್ನೋದು. ಆಕಿಗೆ ಸೇರೋದು.”

ಹದಿನಾರು ವರ್ಷ ಸಾಕಿದ ಮಗಳು. ಅವಳಿಗೆ ಏನು ಸೇರುತ್ತದೆ ಎಂದು ಇಷ್ಟು ದಿನ ಯಾರೂ ಕೇಳಿರಲಿಲ್ಲ. ಕೇಳದ ಪ್ರಶ್ನೆಗೆ ಗಂಗುಬಾಯಿಯೂ ಉತ್ತರ ಹುಡುಕಿರಲಿಲ್ಲ. ಈಗ ಹುಡುಕಿದಳು. ಮಗಳು ಹಿತ್ತಲಿನ ಹುಣಸೆ ಗಿಡದ ಕೆಳಗೆ ನಿಂತು, ಎಳೆಯ ಕಾಯಿಗೆ ಉಪ್ಪು ಖಾರ ಹಚ್ಚಿ, ಒಂದು ಭುಜ ಮೇಲೆತ್ತಿ, ಮುಖ ಕಿವಿಚಿ ತಿನ್ನುವುದು ಕಣ್ಣಿಗೆ ಕಟ್ಟಿತು. ಬೈದು ಬೈದು ಕಸಿದು ಎಸೆದಿದ್ದೂ ನೆನಪಾಯಿತು. ಹುಣಸೆಕಾಯಿ ಎಂದು ಮೆಲ್ಲಗೆ ಹೇಳಿದಳು. ಲಾನವ್ವನ ಮುಖ ದೀಪ ಹಚ್ಚಿದಂತಾಯಿತು. ತನಗೂ ಅದೇ ಜೀವ, ಇಲ್ಲಿ ಜೊತೆಗೆ ಕೂತು ತಿನ್ನುವವರು ಯಾರೂ ಇಲ್ಲ, ಹುಡುಗಿ ಬಂದರೆ ಇಬ್ಬರೂ ಹಿತ್ತಲಲ್ಲಿ ಕೂತು ತಿನ್ನಬಹುದು ಎಂದು ಅರ್ಧ ಮಾತಿನಲ್ಲಿ, ಅರ್ಧ ಕೈಯಲ್ಲಿ ಹೇಳಿದಳು. ತನ್ನ ಮಗಳ ಹಾಗೆಯೇ ಇವಳೂ ಯಾರದೋ ಹಿತ್ತಲಿನಲ್ಲಿ ಬೆಳೆದ ಮಗಳು ಎಂದು ಗಂಗುಬಾಯಿಗೆ ಆಗ ಹೊಳೆಯಿತು. ಅವಳ ಮನಸ್ಸು ಅಲ್ಲಿಗೆ ಗಟ್ಟಿಯಾಯಿತು.

ಮನಸ್ಸು ಗಟ್ಟಿಯಾದರೆ ಸಾಲದು, ಬಾಯಿ ತೆರೆಯಬೇಕು. ಅತ್ತ ರೇವಣಪ್ಪ ಆಗಲೇ ಕೈ ತೊಳೆದು, ಮೀಸೆ ಒರೆಸಿ, ಗಂಟಲು ಸರಿ ಮಾಡಿಕೊಳ್ಳುತ್ತಿದ್ದ.

“ನೋಡಪಾ ಚಂದ್ರಾಮ, ಊಟ ಚೊಲೋ ಆತು. ಸುಳ್ಳು ಹೇಳಬಾರದು. ಆದ್ರ ನಮ್ಮ ಹುಡುಗಿ ವಿಷಯಕ್ಕ ಬಂದ್ರ…”

“ತಮ್ಮಾ,” ಎಂದಳು ಗಂಗುಬಾಯಿ. ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. “ವಿಷಯ ಮುಗದದ. ಸೋದರಮಾವ ಶ್ಯಾವಿಗಿ ಉಂಡಾನ.”

ರೇವಣಪ್ಪ ಅಕ್ಕನನ್ನು ನೋಡಿದ. ಬೋಗುಣಿಯನ್ನು ನೋಡಿದ. ಅದರಲ್ಲಿ ಒಂದು ಎಳೆಯೂ ಉಳಿದಿರಲಿಲ್ಲ.

“ಅಕ್ಕಾ, ಅದು ಸಾರು. ಉಪ್ಪಿನ ಸಾರು.”

“ನನ್ನ ಲಗ್ನದ ಮಾತಿನಾಗ ನಮ್ಮ ಸೋದರಮಾವನೂ ಉಪ್ಪಿನ ಶ್ಯಾವಿಗೀನೇ ಉಂಡಿದ್ದ. ಆ ವರ್ಷ ಬೆಲ್ಲ ಸಿಕ್ಕಿದ್ದಿಲ್ಲ. ಆ ಮಾತು ಮುರೀತೇನು?”

“ನನಗ ನೆನಪಿಲ್ಲ.”

“ನಿನಗೆಲ್ಲಿ ನೆನಪಿರ್ತದ. ಆಗ ನೀ ಅಂಗಳದಾಗ ಬರಿಮೈಲೆ ಓಡ್ಯಾಡ್ತಿದ್ದಿ.”

ಮುರ್ತುಜಾ ಸಾರು ಗಂಟಲಿಗೆ ಸಿಕ್ಕವನಂತೆ ಕೆಮ್ಮಿದ. ಒಳಕೋಣೆಯಲ್ಲಿ ಒತ್ತಿನ ಸದ್ದು ನಿಂತಿತು.

ನಿಜ ಹೇಳಬೇಕೆಂದರೆ ಆ ವರ್ಷ ಬೆಲ್ಲಕ್ಕೇನೂ ಕೊರತೆ ಇರಲಿಲ್ಲ. ಮಾವ ಉಂಡದ್ದು ಹಾಲು ಬೆಲ್ಲದ ಶಾವಿಗೆಯೇ. ಆರು ವರ್ಷದ ರೇವಣ್ಯಾ ಅಚ್ಚುಬೆಲ್ಲ ಕದ್ದು ಕಣಜದ ಹಿಂದೆ ಕೂತು ತಿಂದು, ಅಪ್ಪನ ಕೈಯಲ್ಲಿ ಪೆಟ್ಟು ತಿಂದದ್ದೂ ಗಂಗುಬಾಯಿಗೆ ಚೆನ್ನಾಗಿ ನೆನಪಿತ್ತು. ಹಿರಿಯಳಾಗಿ ಹುಟ್ಟಿದ್ದರ ಉಪಯೋಗವನ್ನು ಅವಳು ಇಷ್ಟು ವರ್ಷ ಒಮ್ಮೆಯೂ ಪಡೆದಿರಲಿಲ್ಲ, ಈಗ ಪಡೆದಳು. ಟಗರಿನ ಮಾತು ಮಾತ್ರ ಅವಳು ಎತ್ತಲಿಲ್ಲ. ನಿನ್ನ ಮಗನಿಗೆ ಕೊಡುವುದಿಲ್ಲ ಎಂದುಬಿಟ್ಟರೆ ತಮ್ಮ ಹತ್ತು ಜನರ ಎದುರು ತಲೆ ತಗ್ಗಿಸಬೇಕು, ತನ್ನ ತವರಿನ ಬಾಗಿಲೂ ಮುಚ್ಚಬೇಕು. ತಪ್ಪು ಶಾವಿಗೆಯದಾದರೆ ಅದು ಹೊಟ್ಟೆಯ ತಪ್ಪು. ಹೊಟ್ಟೆಯ ತಪ್ಪಿಗೆ ಯಾರೂ ಯಾರನ್ನೂ ಬೈಯುವುದಿಲ್ಲ.

ರೇವಣಪ್ಪ ಬೋಗುಣಿಯನ್ನು ದೂರ ಸರಿಸಿದ. ಅವನು ಒರಟನೇ ಹೊರತು ದಡ್ಡನಲ್ಲ. ಅಕ್ಕ ಶಾವಿಗೆಯ ಮಾತನ್ನೇ ಆಡುತ್ತಿಲ್ಲ ಎಂದು ಅವನಿಗೆ ತಿಳಿಯಿತು. ಆಡದೆ ಬಿಟ್ಟ ಮಾತು ಯಾವುದೆಂದೂ ತಿಳಿಯಿತು. ಹೋದ ತಿಂಗಳು ಮಗ ಬಿತ್ತನೆಯ ದಿನವೇ ಟಗರು ಹೊಡೆದುಕೊಂಡು ಜೇವರ್ಗಿಗೆ ಹೋದಾಗ, ಅಕ್ಕನ ಹೊಲದ ಕೂರಿಗೆಯ ಹಿಂದೆ ಹಣಮವ್ವ ಬಿಸಿಲಲ್ಲಿ ನಡೆದದ್ದನ್ನು ಅವನೂ ಕಂಡಿದ್ದ. ಕಂಡು ಸುಮ್ಮನಿದ್ದ. ಕಿವಿಯ ಮೇಲಿನ ಬಿದಿರು ಕಡ್ಡಿ ತೆಗೆದು ಮೇಜಿನ ಮೇಲಿಟ್ಟ.

“ಹಿಂಗೋ,” ಎಂದ ಕೊನೆಗೆ. “ಹಂಗಿದ್ರ ಸೋದರಮಾವಗ ಸೊಲ್ಲಾಪುರದ ಜರಿ ರುಮಾಲ ಆಗಬೇಕು ಚಂದ್ರಾಮ. ಹತ್ತಿ ರುಮಾಲ ತಂದ್ರ ಮದಲಗಿತ್ತೀನ ಎತ್ತಿ ಹಂದರಕ್ಕ ತರಾಂವ ನಾ ಅಲ್ಲ.”

“ಆಗ್ಲಿ ಮಾವಾರ,” ಎಂದ ಚಂದ್ರಾಮಪ್ಪ. ಈ ಸಲ ರೇವಣಪ್ಪ ಆ ಮಾತನ್ನು ತಿದ್ದಲಿಲ್ಲ. ಹಿಟ್ಟಿನ ಕೈಯಲ್ಲೇ ಓಡಿ ಬಂದ ಬೀರಲಿಂಗಪ್ಪ ಕಾಲಿಗೆ ಬಿದ್ದು ಎದ್ದಾಗ ಮಾವನ ಕಪ್ಪು ಕೆರದ ಮೇಲೆ ಎರಡು ಬಿಳಿ ಅಂಗೈ ಮೂಡಿದ್ದವು. ರೇವಣಪ್ಪ ಅದನ್ನು ನೋಡಿ, ಒರೆಸಲು ಹೋಗಿ, ಬಿಟ್ಟ. ದುಡಿಯುವ ಕೈಯ ಗುರುತು ಅವನ ಮನೆಯಲ್ಲಿ ಅಪರೂಪವಾಗಿತ್ತು.

ಮುರ್ತುಜಾ ಹೊರಗೆ ಹೋಗಿ ಮೋಟಾರಿನ ಭೋಂಕೂ ಒತ್ತಿದ. ರೇವಣಪ್ಪ ಹೆಗಲ ಮೇಲೆ ರುಮಾಲು ಹಾಕಿಕೊಂಡು ಎದ್ದ. ಮಗನಿಗೆ ಏನು ಹೇಳುವುದು, ಹೆಂಡತಿಗೆ ಹೇಗೆ ಹೇಳುವುದು ಎಂಬ ಚಿಂತೆ ಅವನ ಮುಖದಲ್ಲಿ ಆಗಲೇ ಶುರುವಾಗಿತ್ತು. ಬಾ ಅಕ್ಕಾ, ಮೋಟಾರು ಯಾರನ್ನೂ ಕಾಯುವುದಿಲ್ಲ ಎಂದ. ಗಂಗುಬಾಯಿ ಏಳಲಿಲ್ಲ. ಅವಳ ಬೋಗುಣಿ ತುಂಬಿದ್ದು ತುಂಬಿದ ಹಾಗೇ ಇತ್ತು. ಲಾನವ್ವ ಅದನ್ನು ಒಳಗೆ ಒಯ್ದು, ತಣ್ಣಗಾದ ಸಾರು ಬಸಿದು, ಕುದಿಯುವ ಸಾರು ಹುಯ್ದು ತಂದಿಟ್ಟಳು.

“ನಿಂದರಸಾಕ ಹೇಳು ಹೋಗು ತಮ್ಮಾ,” ಎಂದಳು ಗಂಗುಬಾಯಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ. “ನಾ ಇನ್ನಾ ಉಂಡಿಲ್ಲ.”

ರೇವಣಪ್ಪ ಬಾಗಿಲಲ್ಲಿ ನಿಂತು ಹೊರಗೆ ಒಂದು ಸಲ, ಒಳಗೆ ಒಂದು ಸಲ ನೋಡಿದ. ಆಮೇಲೆ ಮೋಟಾರಿನ ಕಡೆಗೆ ನಡೆದ. ಗಂಗುಬಾಯಿ ಎರಡೂ ಕೈಯಲ್ಲಿ ಬೋಗುಣಿ ಎತ್ತಿ, ಅಂಚಿಗೆ ಬಾಯಿ ಹಚ್ಚಿ, ಯಾರ ಕಡೆಗೂ ನೋಡದೆ ಸೊರ್ರೆಂದು ಎಳೆದಳು.